ತೊಟ್ಟು ಒಡೆದಾಗ ಹಾಲು ಕೊಡುವುದು ಹೇಗೆ?

ತಿಪಟೂರು ಕಡೆಯ ಸೋದರಿಯೊಬ್ಬರ ಪತ್ರ ನನ್ನ ಮುಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಚೊಚ್ಚಲ ಬಾಣಂತಿ, ತವರಿನಲ್ಲಿದ್ದಾರೆ. ಪತ್ರ ಬರೆದ ದಿನಕ್ಕೆ ಮಗುವಿಗೆ ಹನ್ನೊಂದು ದಿನ.

"ಹಾಲೇನೋ ಚೆನ್ನಾಗಿಯೇ ಇದೆ, ಸೆರಗೆಲ್ಲ ನೆನೆದು ಹೋಗುತ್ತದೆ. ಆದರೆ ಎರಡೂ ಕಡೆ ಎದೆಯ ತೊಟ್ಟು ಒಡೆದಿದೆ. ಬಲಗಡೆ ರಕ್ತವೂ ಬರುತ್ತದೆ. ಮಗು ಬಾಯಿ ಹಾಕಿದ ಕೂಡಲೇ ಕಾಲ್ಬೆರಳು ಮಡಚಿ ಹಲ್ಲು ಕಚ್ಚಿಕೊಂಡು ಕೂರುತ್ತೇನೆ. ರಾತ್ರಿ ಮಗು ಅಳುವುದಕ್ಕೆ ಮುಂಚೆ ನಾನೇ ಅಳುತ್ತೇನೆ. ಅಮ್ಮ 'ಎಲ್ಲರಿಗೂ ಆಗುತ್ತೆ, ತಡ್ಕೋ' ಅನ್ನುತ್ತಾರೆ. ನಮ್ಮವರು ಫೋನಿನಲ್ಲಿ 'ಡಬ್ಬಿ ಹಾಲು ತಂದುಕೊಡ್ತೀನಿ ಬಿಡು' ಅನ್ನುತ್ತಾರೆ. ರಕ್ತ ಬೆರೆತ ಹಾಲು ಮಗುವಿಗೆ ವಿಷವೇ? ಮಗು ಎದೆ ಹುಡುಕುವಾಗ ನನಗೆ ಮುದ್ದು ಬರುವ ಬದಲು ಹೆದರಿಕೆ ಬರುತ್ತದೆ. ನಾನು ಎಂಥ ತಾಯಿ?"

ಹದಿನೈದು ದಿನ ಕಾದು ಪತ್ರಿಕೆಯಲ್ಲಿ ಉತ್ತರಿಸುವ ವಿಷಯವಲ್ಲ ಇದು. ಪತ್ರದ ಕೊನೆಗೆ ಫೋನ್ ನಂಬರು ಇತ್ತು. ಅಂದೇ ಸಂಜೆ ಮಾತಾಡಿದೆ. ಆ ಹುಡುಗಿಗೆ ಹೇಳಿದ್ದನ್ನೇ, ಅವಳ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪುಟ ಓದುವವರಲ್ಲಿ ಇನ್ನೂ ಎಷ್ಟೋ ಮಂದಿ ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡು ಹೀಗೇ ಹಲ್ಲು ಕಚ್ಚಿಕೊಂಡು ಕುಳಿತಿರಬಹುದು.

ಮೊದಲು ರಕ್ತದ ಮಾತು. ಒಡೆದ ತೊಟ್ಟಿನಿಂದ ಹಾಲಿನ ಜೊತೆ ನಾಲ್ಕು ಹನಿ ರಕ್ತ ಮಗುವಿನ ಹೊಟ್ಟೆಗೆ ಹೋದರೆ ಕೆಡುಕಿಲ್ಲ. ಮಗು ಕಕ್ಕಿದ ಹಾಲು ಸ್ವಲ್ಪ ಕೆಂಪಾಗಿ ಕಂಡೀತು, ಕಕ್ಕಸು ಕಪ್ಪಗಾದೀತು. ನೋಡಿ ಎದೆ ಒಡೆದುಕೊಳ್ಳಬೇಡಿ, ಅದು ನಿಮ್ಮದೇ ರಕ್ತ. ಆದರೆ ರಕ್ತದ ಮೂಲಕ ಹರಡುವ ಹೆಪಟೈಟಿಸ್ ಅಥವಾ ಎಚ್‌ಐವಿ ನಿಮಗಿದೆ ಎಂದು ಬಸುರಿನಲ್ಲಿದ್ದಾಗಲೇ ಗೊತ್ತಾಗಿದ್ದರೆ ಮಾತು ಬೇರೆ. ತೊಟ್ಟು ಒಡೆದ ದಿನವೇ ಡಾಕ್ಟರನ್ನು ಕೇಳಿ, ಅವರು ಹೇಳಿದಂತೆ ನಡೆಯಿರಿ.

ಇನ್ನು "ಎಂಥ ತಾಯಿ" ಎನ್ನುವುದು. ಸುಟ್ಟ ಬೆರಳನ್ನು ದಿನಕ್ಕೆ ಹತ್ತು ಸಲ ಬಿಸಿ ಬಾಣಲೆಗೆ ತಾಗಿಸು ಎಂದರೆ ಯಾರಿಗೆ ತಾನೆ ಹೆದರಿಕೆಯಾಗುವುದಿಲ್ಲ? ಹೆದರುವುದು ಗಾಯಕ್ಕೆ ಕಣಮ್ಮಾ, ಮಗುವಿಗಲ್ಲ. ಗಾಯ ಮಾಯಲಿ, ಆಗ ನೋಡುವೆಯಂತೆ ಅಂದೆ. ಆ ಕಡೆಯಿಂದ ಮಾತಿಲ್ಲ, ಮೂಗೆಳೆಯುವ ಸದ್ದು ಮಾತ್ರ.

ನನ್ನದೂ ಇದೇ ಕತೆ. 1983ರಲ್ಲಿ ದೊಡ್ಡ ಮಗ ಹುಟ್ಟಿದಾಗ, ಹೆರಿಗೆಯಾದ ಕಡೆ "ಪ್ರತಿ ಸಲ ಹಾಲು ಕೊಡುವ ಮುಂಚೆ ಸೋಪು ಹಾಕಿ ತೊಳೀಬೇಕು" ಎಂದು ಹೇಳಿ ಕಳಿಸಿದ್ದರು. ವಿದ್ಯಾವಂತೆ ನಾನು, ಚಾಚೂ ತಪ್ಪದೆ ಮಾಡಿದೆ. ದಿನಕ್ಕೆ ಹತ್ತು ಸಲ ಸೋಪು! ಐದನೇ ದಿನಕ್ಕೆ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತು. ನೋವಿಗೆ ಹೆದರಿ ಎಡಗಡೆ ಕುಡಿಸುವುದನ್ನೇ ಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಚಿಕೆ ಬೇರೆ, ಅಕ್ಕಂದಿರಿಗೆ ಆಗದ್ದು ನನಗಾಯಿತಲ್ಲ ಎಂಬ ಅವಮಾನ ಬೇರೆ. ಹನ್ನೆರಡನೇ ದಿನ ಚಳಿಜ್ವರ ಬಂತು, ಎದೆ ಕೆಂಪಗೆ ಕಲ್ಲಾಯಿತು. ಆಗ ನನ್ನ ತಾಯಿ ಊರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ವಯಸ್ಸಾದ ನರ್ಸಮ್ಮ ಮುಲಾಮಿನ ಮಾತೇ ಎತ್ತಲಿಲ್ಲ. "ಮಗೂಗೆ ಹಾಲು ಕೊಡು, ನೋಡ್ತೀನಿ" ಅಂದರು. ಕೊಟ್ಟೆ. "ಅಯ್ಯೋ ಹುಚ್ಚಿ, ಮಗು ಹಾಲು ಕುಡೀತಾ ಇಲ್ಲ, ನಿನ್ನ ತೊಟ್ಟನ್ನ ಜಗೀತಾ ಇದೆ" ಅಂದರು. ಐದು ನಿಮಿಷದಲ್ಲಿ ಮಗುವನ್ನು ತಿರುಗಿಸಿ, ಹತ್ತಿರ ಒತ್ತಿ, ಬಾಯಿ ದೊಡ್ಡದು ಮಾಡಿಸಿ ಹಿಡಿಸಿದರು. ಆ ಹೊತ್ತು ಆದ ಆಶ್ಚರ್ಯ ಇವತ್ತಿಗೂ ಮರೆತಿಲ್ಲ. ಗಾಯ ಇದ್ದ ಹಾಗೇ ಇದೆ, ನೋವು ಮಾತ್ರ ಅರ್ಧಕ್ಕರ್ಧ ಇಲ್ಲ!

ಈಗ ಡಾಕ್ಟರುಗಳು ಹೇಳುವುದೂ ಇದನ್ನೇ. ತೊಟ್ಟು ಒಡೆಯಲು ನೂರಕ್ಕೆ ಹೆಚ್ಚಿನ ಪಾಲು ಕಾರಣ ಮಗು ಎದೆ ಹಿಡಿಯುವ ರೀತಿ. ನಿಮ್ಮ ಚರ್ಮ ನಾಜೂಕು ಎಂದಲ್ಲ, ಮಗು ಹಟಮಾರಿ ಎಂದೂ ಅಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಈಗಲೇ ನಿಮ್ಮ ನಾಲಿಗೆಯ ತುದಿಯಿಂದ ಅಂಗುಳನ್ನು ಮುಟ್ಟಿ. ಹಲ್ಲಿನ ಹಿಂದೆಯೇ ಗಟ್ಟಿಯಾಗಿ, ಏರುತಗ್ಗಾಗಿದೆ ಅಲ್ಲವೇ? ಹಾಗೇ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ, ಒಂದು ಕಡೆ ಮೆತ್ತಗಾಗುತ್ತದೆ. ಮಗುವಿನ ಬಾಯಿಯೂ ಹಾಗೇ. ಅದು ತೊಟ್ಟಿನ ತುದಿಯನ್ನಷ್ಟೇ ಹಿಡಿದರೆ ಗಟ್ಟಿ ಅಂಗುಳಿಗೂ ನಾಲಿಗೆಗೂ ನಡುವೆ ತೊಟ್ಟು ಸಿಕ್ಕಿ, ಒರಳಿಗೆ ಸಿಕ್ಕ ಮೆಣಸಿನ ಹಾಗೆ ಅರೆದುಹೋಗುತ್ತದೆ. ಸುತ್ತಲಿನ ಕಪ್ಪು ಭಾಗವನ್ನೂ ಬಾಯಿ ತುಂಬ ತೆಗೆದುಕೊಂಡರೆ ತೊಟ್ಟು ಹಿಂದಿನ ಮೆತ್ತನೆಯ ಜಾಗಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಉಜ್ಜಾಟವಿಲ್ಲ. ಹಾಲು ಬರುವುದೂ ಆಗಲೇ ಚೆನ್ನಾಗಿ. ತುದಿ ಹಿಡಿದ ಮಗುವಿಗೆ ಹಾಲೂ ಕಡಿಮೆ, ನಿಮಗೆ ನೋವೂ ಹೆಚ್ಚು. ಹೊಟ್ಟೆ ತುಂಬದೆ ಅದು ಮತ್ತೆ ಮತ್ತೆ ಅಳುತ್ತದೆ, ನೀವು ಮತ್ತೆ ಮತ್ತೆ ಅದೇ ಗಾಯಕ್ಕೆ ಹಾಕಿಕೊಳ್ಳುತ್ತೀರಿ.

ಮಗು ಎದೆ ಬಿಟ್ಟ ಮೇಲೆ ತೊಟ್ಟನ್ನು ನೋಡಿಕೊಳ್ಳಿ. ದುಂಡಗೆ, ಸ್ವಲ್ಪ ಉದ್ದವಾಗಿದ್ದರೆ ಸರಿ. ಕಲ್ಲಿಗೆ ಉಜ್ಜಿದ ಬಳಪದ ಕಡ್ಡಿಯ ಹಾಗೆ ಒಂದು ಕಡೆ ಓರೆಯಾಗಿ, ಚಪ್ಪಟೆಯಾಗಿ ಬಂದಿದ್ದರೆ ಹಿಡಿತ ಸರಿಯಿಲ್ಲ ಎಂದು ತಿಳಿಯಿರಿ.

ನಮ್ಮ ಕಡೆ ಬಾಣಂತಿಯರು ಕೂರುವ ರೀತಿಯಲ್ಲೇ ಒಂದು ತೊಂದರೆಯಿದೆ. ಚಾಪೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ತಾಯಿ ಅದರ ಮೇಲೆ ಬಗ್ಗಿ ಎದೆಯನ್ನು ಬಾಯಿಗೆ ತುರುಕುವುದು. ಮಗು ಪಾಪ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು. ನೀವು ಕುತ್ತಿಗೆಯನ್ನು ಹೆಗಲ ಕಡೆ ತಿರುಗಿಸಿಕೊಂಡು ಒಂದು ಲೋಟ ನೀರು ಕುಡಿದು ನೋಡಿ, ಗೊತ್ತಾಗುತ್ತದೆ! ತಾಯಿಯ ಬೆನ್ನು ಸುಸ್ತಾಗಿ ಸ್ವಲ್ಪ ಮೇಲೆದ್ದರೆ ಸಾಕು, ಎದೆ ಮಗುವಿನ ಬಾಯಿಂದ ಜಾರಿ ತುದಿ ಮಾತ್ರ ಉಳಿಯುತ್ತದೆ.

ಹೀಗೆ ಮಾಡಿ. ಗೋಡೆಗೆ ಬೆನ್ನು ಕೊಟ್ಟು, ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಂಡು, ಆರಾಮವಾಗಿ ಒರಗಿ. ತೊಡೆಯ ಮೇಲೆ ಇನ್ನೊಂದು ದಿಂಬು. ಮಗುವಿಗೆ ಸುತ್ತಿದ ಬಟ್ಟೆ ಸಡಿಲಿಸಿ. ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವ ಹಾಗೆ ಇಡೀ ಮೈಯನ್ನು ನಿಮ್ಮ ಕಡೆ ತಿರುಗಿಸಿ, ತಲೆ, ಬೆನ್ನು, ಸೊಂಟ ಒಂದೇ ನೇರಕ್ಕೆ ಬರಲಿ. ಮಗುವಿನ ಮೂಗು ತೊಟ್ಟಿನ ಎದುರಿಗಿರಲಿ, ಬಾಯಿಯಲ್ಲ, ಮೂಗು. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿ. ಮಗು ಬಾಯಿ ತೆರೆಯುತ್ತದೆ. ಅರ್ಧ ಬಾಯಿಗೆ ಆಸೆಪಟ್ಟು ಹಾಕಬೇಡಿ! ಆಕಳಿಸುವಾಗಿನಷ್ಟು ದೊಡ್ಡದಾಗಿ ತೆರೆಯುವವರೆಗೂ ತಾಳಿ. ತೆರೆದ ಕ್ಷಣಕ್ಕೆ ಮಗುವನ್ನೇ ಎದೆಯ ಹತ್ತಿರ ಚಟಕ್ಕನೆ ತಂದುಕೊಳ್ಳಿ, ಮೊದಲು ಗಲ್ಲ ತಾಗಲಿ. ನೀವು ಬಗ್ಗಬಾರದು, ಮಗು ಬರಬೇಕು. ತಲೆಯ ಹಿಂಭಾಗವನ್ನು ಅಂಗೈಯಿಂದ ಅದುಮಬೇಡಿ, ಅದುಮಿದರೆ ಮಗು ಹಿಂದಕ್ಕೆ ಒದ್ದಾಡುತ್ತದೆ. ಕುತ್ತಿಗೆ ಮತ್ತು ಭುಜದ ಹತ್ತಿರ ಆಸರೆ ಕೊಟ್ಟರೆ ಸಾಕು.

ಸರಿಯಾಗಿ ಹಿಡಿದಿದೆಯೇ ಎಂದು ತಿಳಿಯುವುದು ಹೇಗೆ? ಬಾಯಿ ಅಗಲವಾಗಿರಬೇಕು. ಕೆಳದುಟಿ ಹೊರಕ್ಕೆ ಮಡಚಿರಬೇಕು. ಗಲ್ಲ ಎದೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು ಕಾಣಬೇಕು, ಕೆಳಗೆ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ದಾದಿಯರಿಗೆ ಕಲಿಸುವುದೂ ಈ ನಾಲ್ಕು ಗುರುತುಗಳನ್ನೇ. ಜೊತೆಗೆ ಕಿವಿಯನ್ನೂ ಉಪಯೋಗಿಸಿ. ನಿಧಾನವಾಗಿ ಎಳೆದು "ಗುಟುಕ್" ಎಂದು ನುಂಗುವ ಸದ್ದು ಬಂದರೆ ಸಮಾಧಾನ, "ಚಪ್ ಚಪ್" ಎಂದು ಬಂದರೆ ಹಿಡಿತ ಬಿಟ್ಟಿದೆ.

ಮೊದಲ ಅರ್ಧ ನಿಮಿಷ ಚುರ್ರೆನ್ನಬಹುದು, ಗಾಯವಿದ್ದಾಗ ಇನ್ನೂ ಹೆಚ್ಚು. ಆಮೇಲೂ ನೋವು ಇಳಿಯದಿದ್ದರೆ ತಡೆದುಕೊಂಡು ಕೂರಬೇಡಿ, ಬಿಡಿಸಿ. ಆದರೆ ಎಳೆದು ಬಿಡಿಸಬಾರದು! ಎಷ್ಟೋ ತೊಟ್ಟುಗಳು ಒಡೆಯುವುದು ಹಾಗೆ ಎಳೆಯುವಾಗಲೇ. ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ, ಗಾಳಿ ಒಳಗೆ ಹೋಗಿ ಹಿಡಿತ ತಾನಾಗಿ ಸಡಿಲುತ್ತದೆ. ಮತ್ತೆ ಹಿಡಿಸಿ. ನಾಲ್ಕು ಸಲವಾದರೂ ಸರಿಯೇ. ಮಗು ರೇಗಿ ಅಳುತ್ತದೆ, ಮನೆಯವರು "ಪಾಪ, ಮಗೂನ ಯಾಕೆ ಸತಾಯಿಸ್ತೀಯ" ಅನ್ನುತ್ತಾರೆ. ಅನ್ನಲಿ.

ಮಗು ಹಸಿದು ಕಿರುಚುವವರೆಗೆ ಕಾಯುವುದೂ ಬೇಡ. ಅಳುವ ಮಗುವಿನ ನಾಲಿಗೆ ಮೇಲಕ್ಕೆದ್ದಿರುತ್ತದೆ, ಆಗ ಎದೆ ಸರಿಯಾಗಿ ಹಿಡಿಯಲಾರದು. ಕೈ ಬಾಯಿಗೆ ಹೋಗುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುವುದು, ಇವು ಕಂಡಾಗಲೇ ಎತ್ತಿಕೊಳ್ಳಿ. ಕಡಿಮೆ ನೋವಿರುವ ಕಡೆ ಮೊದಲು ಕೊಡಿ, ಹಸಿವಿನ ಮೊದಲ ಭರ ಅಲ್ಲೇ ಇಳಿಯುತ್ತದೆ. ಪ್ರತಿ ಸಲ ಒಂದೇ ಭಂಗಿಯೂ ಬೇಡ. ಬಾವಿಯಿಂದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬರುವ ಹಾಗೆ ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿದು ಕುಡಿಸಬಹುದು. ಸಿಸೇರಿಯನ್ ಆದವರಿಗೆ ಇದು ಬಹಳ ಅನುಕೂಲ, ಹೊಟ್ಟೆಯ ಹೊಲಿಗೆಗೆ ಭಾರ ಬೀಳುವುದಿಲ್ಲ. ಹಿಡಿತದ ಒತ್ತಡ ಗಾಯದ ಬೇರೆ ಜಾಗಕ್ಕೆ ಬೀಳುವುದರಿಂದ ಒಡೆದ ಭಾಗಕ್ಕೆ ಬಿಡುವು ಸಿಗುತ್ತದೆ.

ಇಷ್ಟಾದ ಮೇಲೆ ಮುಲಾಮಿನ ಮಾತು. ನನಗೆ ಬರುವ ಪತ್ರಗಳೆಲ್ಲ "ಯಾವ ಮುಲಾಮು ಹಚ್ಚಲಿ" ಎಂದೇ ಶುರುವಾಗುತ್ತವೆ. ಚಪ್ಪಲಿ ಕಚ್ಚುತ್ತಿದ್ದರೆ ಚಪ್ಪಲಿ ಸರಿಮಾಡದೆ ದಿನಾ ಎಣ್ಣೆ ಹಚ್ಚಿದರೆ ಏನು ಬಂತು? ಹಾಲು ಕೊಟ್ಟ ಮೇಲೆ ಕೊನೆಯ ನಾಲ್ಕು ಹನಿ ಹಾಲನ್ನು ಹಿಂಡಿ ತೊಟ್ಟಿಗೇ ಸವರಿ, ಗಾಳಿಗೆ ಆರಲು ಬಿಡಿ. ದುಡ್ಡಿಲ್ಲದ ಔಷಧಿ. 2014ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಎಂಬ ವೈದ್ಯಕೀಯ ಪರಿಶೀಲನೆಯೊಂದು ಬೇರೆ ಬೇರೆ ಪ್ರಯೋಗಗಳನ್ನು ಹೋಲಿಸಿ ನೋಡಿದಾಗ, ಏನೂ ಹಚ್ಚದಿರುವುದು ಅಥವಾ ತಾಯಿಯ ಹಾಲನ್ನೇ ಹಚ್ಚುವುದು ಮುಲಾಮುಗಳಿಗೆ ಸಮ, ಕೆಲವು ಸಲ ಮೇಲೂ ಆಗಬಹುದು ಎಂದು ಕಂಡುಬಂತು. ಯಾವ ಉಪಚಾರವಾದರೂ ಹೆಚ್ಚಿನ ತಾಯಂದಿರಿಗೆ ಹೆರಿಗೆಯಾದ 7ರಿಂದ 10 ದಿನದೊಳಗೆ ನೋವು ಇಳಿದಿತ್ತು. ಅಂದರೆ ಹತ್ತು ದಿನ ಕಳೆದರೂ ನೋವು ಏರುತ್ತಲೇ ಇದ್ದರೆ "ಎಲ್ಲರಿಗೂ ಆಗುತ್ತೆ" ಎಂಬ ಮಾತನ್ನು ಅಲ್ಲಿಗೆ ನಿಲ್ಲಿಸಬೇಕು.

ಗಾಯ ಒಣಗಿ ಬಿಗಿಯುತ್ತಿದ್ದರೆ ಔಷಧಿ ಅಂಗಡಿಯಲ್ಲಿ ಶುದ್ಧ ಲ್ಯಾನೋಲಿನ್ ಸಿಗುತ್ತದೆ, ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ತೆಳ್ಳಗೆ ಸವರಿದರೆ ಚರ್ಮ ಮೆತ್ತಗಿರುತ್ತದೆ, ಒರೆಸಿ ತೆಗೆಯಬೇಕಾಗಿಲ್ಲ. ಉಣ್ಣೆ ಮೈಗೆ ಆಗದವರು ಬಳಸಬೇಡಿ. ಜೇನುತುಪ್ಪ ಮಾತ್ರ ಖಂಡಿತ ಬೇಡ. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನು ಹೋಗಕೂಡದು. ಅದರಲ್ಲಿರಬಹುದಾದ ಒಂದು ಜಾತಿಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ಮೈಯ ಸ್ನಾಯುಗಳನ್ನೇ ಸೋಲಿಸಿಬಿಡಬಲ್ಲದು. ಅಂಗಡಿಯ ಅರಿಸಿನದ ಪುಡಿಯೂ ಬೇಡ, ಅದರಲ್ಲಿ ಯಾವ ಬಣ್ಣ ಬೆರೆಸಿರುತ್ತಾರೋ, ಎಲ್ಲ ಮಗುವಿನ ಬಾಯಿಗೇ.

ಸೋಪಿನ ಗತಿ ನನ್ನ ಕತೆಯಲ್ಲೇ ಕೇಳಿದಿರಿ. ತೊಟ್ಟಿನ ಸುತ್ತ ಕಾಣುವ ಸಣ್ಣ ಗುಳ್ಳೆಗಳಂಥವು ಕಾಯಿಲೆಯಲ್ಲ, ಅವು ಜಿಡ್ಡು ಸೂಸಿ ಆ ಚರ್ಮವನ್ನು ಕಾಯುವ ಗ್ರಂಥಿಗಳು. ಸೋಪು, ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಿದರೆ ಆ ಜಿಡ್ಡೆಲ್ಲ ತೊಳೆದುಹೋಗುತ್ತದೆ. ಎಣ್ಣೆ ಹಚ್ಚಿ ಎರೆಯುವವರು ನಮ್ಮ ಬೆನ್ನು, ಸೊಂಟ ಎಷ್ಟು ಬೇಕಾದರೂ ಉಜ್ಜಲಿ, ಸ್ವರ್ಗಸುಖ! ಆದರೆ ಎದೆಯ ತೊಟ್ಟಿನ ಹತ್ತಿರ ಕೈ ತರುವಾಗ "ಅಲ್ಲಿ ಬೇಡ ಅಜ್ಜಿ" ಎಂದು ಹೇಳಿಬಿಡಿ. ದಿನಕ್ಕೊಮ್ಮೆ ಬರೀ ನೀರು ಬಿದ್ದರೆ ಸಾಕು. ಮುಟ್ಟುವ ಮುನ್ನ ತೊಳೆಯಬೇಕಾದ್ದು ಕೈಯನ್ನು. ಒಳಗೆ ಹಾಕಿಕೊಳ್ಳುವ ಬಟ್ಟೆ ಹತ್ತಿಯದಿರಲಿ, ಹಾಲು ಸೋರಿ ನೆನೆದಾಗ ಬದಲಾಯಿಸಿ. ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ಕಿತ್ತೆಳೆಯದೆ ಬೆಚ್ಚನೆ ನೀರು ಹಾಕಿ ಬಿಡಿಸಿ.

ಕೆಲವು ದಿನ ಒಂದು ಕಡೆ ಬಾಯಿ ಹಾಕಿಸುವುದೇ ಅಸಾಧ್ಯವಾಗಬಹುದು. ಅದೇನೂ ಸೋಲಲ್ಲ. ಆದರೆ ನಾನು ಮಾಡಿದ ಹಾಗೆ ಆ ಕಡೆಯನ್ನು ಸುಮ್ಮನೆ ಬಿಟ್ಟುಬಿಡಬಾರದು. ಮಗು ಕುಡಿಯುವ ಹೊತ್ತಿಗೆಲ್ಲ ಕೈಯಿಂದ ಹಾಲು ತೆಗೆಯಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು ಒಂದೂವರೆ ಅಂಗುಲ ಹಿಂದೆ ಇಡಿ. ಮೊದಲು ಪಕ್ಕೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಸೇರಿಸಿ, ಬಿಡಿ. ಮತ್ತೆ ಒತ್ತಿ, ಬಿಡಿ. ಹಸುವಿನ ಕೆಚ್ಚಲು ಎಳೆಯುವ ಹಾಗೆ ತೊಟ್ಟನ್ನು ಎಳೆಯುವುದಲ್ಲ. ಮೊದಲ ಒಂದೆರಡು ನಿಮಿಷ ಬರೀ ಹನಿ, ಆಮೇಲೆ ಧಾರೆ. ಕುದಿಸಿದ ಬಟ್ಟಲಿಗೆ ಹಿಂಡಿ, ಒಳಲೆಯಿಂದ ಅಥವಾ ಚಮಚದಿಂದ ಕುಡಿಸಿ. ನಮ್ಮಜ್ಜಿಯ ಕಾಲದ ಬೆಳ್ಳಿ ಒಳಲೆಯೋ, ಈಗಿನ ಸ್ಟೀಲಿನದೋ, ಕುದಿಸಿದ್ದರೆ ಎರಡೂ ಒಂದೇ. ಬಾಟಲಿ ಬೇಡ. ಎಳೆ ಮಗು ರಬ್ಬರಿನ ತುದಿ ಹೀರುವುದನ್ನು ಅಭ್ಯಾಸ ಮಾಡಿಕೊಂಡರೆ ನಿಮ್ಮ ಎದೆಯನ್ನೂ ತುದಿಯಲ್ಲೇ ಹಿಡಿಯಲು ಬರುತ್ತದೆ. ಹಿಂಡಿದ ಹಾಲು ತಣ್ಣಗಿರುವ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಬೇಸಿಗೆಯಲ್ಲಿ ಅಷ್ಟು ಕಾಯಬೇಡಿ, ಫ್ರಿಜ್ಜಿನಲ್ಲಿಡಿ. ಪಂಪು ಬಳಸುವವರು ಎಳೆತ ಕಡಿಮೆ ಇಟ್ಟುಕೊಳ್ಳಿ, ಜೋರಾಗಿ ಎಳೆದು ಪಂಪಿನಿಂದಲೇ ತೊಟ್ಟು ಒಡೆದುಕೊಂಡವರನ್ನು ಕಂಡಿದ್ದೇನೆ.

ಎದೆ ಬಿಗಿದು ಕಲ್ಲಾದಾಗಲೂ ಮಗುವಿಗೆ ಹಿಡಿಯಲು ಬರುವುದಿಲ್ಲ, ಉಬ್ಬಿದ ಬಲೂನನ್ನು ಕಚ್ಚಿದ ಹಾಗೆ ಬಾಯಿ ಜಾರುತ್ತದೆ. ಮೊದಲು ಸ್ವಲ್ಪ ಹಿಂಡಿ ಮೆತ್ತಗೆ ಮಾಡಿಕೊಂಡು ಆಮೇಲೆ ಹಾಕಿಕೊಳ್ಳಿ. ಬಿಗಿತಕ್ಕೆಂದು ಮಲ್ಲಿಗೆ ಹೂ ಕಟ್ಟಿಸಿಕೊಳ್ಳಬೇಡಿ. ಹಾಲು ಬತ್ತಿಸಲು ನಮ್ಮ ಹಿರಿಯರು ಮಲ್ಲಿಗೆ ಕಟ್ಟುತ್ತಿದ್ದರಲ್ಲ, ಅದು ಬರೀ ನಂಬಿಕೆಯಲ್ಲ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಲ್ಲಿಗೆ ನಿಜವಾಗಿಯೂ ಹಾಲು ಕಡಿಮೆ ಮಾಡುವುದು ಕಂಡಿದೆ. ಮುಡಿಗೆ ಮುಡಿದುಕೊಳ್ಳಲು ಅಡ್ಡಿಯಿಲ್ಲ!

ತೊಟ್ಟು ಒಳಕ್ಕೆ ಸೇರಿರುವವರಿಗೆ ಒಂದು ಮಾತು. ಮಗು ಹಿಡಿಯುವುದು ಬರೀ ತೊಟ್ಟನ್ನಲ್ಲ, ಎದೆಯನ್ನು. ಆದ್ದರಿಂದ ನಿಮಗೂ ಸಾಧ್ಯ, ಮೊದಲ ದಿನಗಳಲ್ಲಿ ತಾಳ್ಮೆ ಹೆಚ್ಚು ಬೇಕು ಅಷ್ಟೇ. ನಮ್ಮ ಆಸ್ಪತ್ರೆಗಳಲ್ಲಿ ಹೊಸ ಸಿರಿಂಜಿನ ಮೂತಿ ಕತ್ತರಿಸಿ, ಹಿಡಿಯನ್ನು ಕತ್ತರಿಸಿದ ಕಡೆಯಿಂದ ತೂರಿಸಿ, ನಯವಾದ ಕಡೆಯನ್ನು ತೊಟ್ಟಿನ ಮೇಲಿಟ್ಟು ಮೆಲ್ಲಗೆ ಎಳೆದು ತೊಟ್ಟನ್ನು ಹೊರಗೆ ತರಿಸುತ್ತಾರೆ. ಸುಲಭವೇ, ಆದರೆ ಒಡೆದ ತೊಟ್ಟಿನ ಮೇಲೆ ಈ ಪ್ರಯೋಗ ಬೇಡ, ಮತ್ತು ಮೊದಲ ಸಲ ನರ್ಸಿನ ಕೈಯಲ್ಲೇ ಕಲಿಯಿರಿ.

ಹಿಡಿತ ಸರಿಯಾಗಿದ್ದೂ ವಾಸಿಯಾಗದಿದ್ದರೆ ಬೇರೆ ಕಾರಣ ಹುಡುಕಬೇಕು. ಮಗುವಿನ ನಾಲಿಗೆಯ ಕೆಳಗಿನ ತೊಗಲು ಗಿಡ್ಡವಾಗಿದ್ದರೆ ನಾಲಿಗೆ ಒಸಡಿನಿಂದ ಮುಂದಕ್ಕೆ ಚಾಚುವುದಿಲ್ಲ, ತುದಿಯನ್ನೇ ಜಗಿಯುತ್ತದೆ. ಮಕ್ಕಳ ಡಾಕ್ಟರಿಗೆ ತೋರಿಸಿ, ಬೇಕಿದ್ದರೆ ಸಣ್ಣದಾಗಿ ಕತ್ತರಿಸಿ ಬಿಡುತ್ತಾರೆ. ಮೊದಲು ಏನೂ ಇಲ್ಲದೆ ಕೆಲವು ವಾರದ ಮೇಲೆ ಇದ್ದಕ್ಕಿದ್ದ ಹಾಗೆ ಎರಡೂ ತೊಟ್ಟು ಉರಿಯತೊಡಗಿ, ಮಿರುಗುವ ಕೆಂಪಾಗಿ, ಮಗುವಿನ ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಅದು ಫಂಗಸ್ ಇರಬಹುದು. ಆಗ ತಾಯಿ, ಮಗು ಇಬ್ಬರಿಗೂ ಒಟ್ಟಿಗೇ ಔಷಧಿ ಬೇಕು, ಒಬ್ಬರಿಗೇ ಮಾಡಿದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಬರುತ್ತದೆ. ಕುಡಿಸಿದ ಮೇಲೆ ತೊಟ್ಟು ಬೆಳ್ಳಗೆ ಬಿಳಚಿಕೊಂಡು ಚಳುಕು ಬರುವವರೂ ಇದ್ದಾರೆ. ಚಳಿಗೆ ರಕ್ತನಾಳ ಬಿಗಿಯುವುದರಿಂದ ಹೀಗಾಗುತ್ತದೆ. ಮಗು ಬಿಟ್ಟ ಕೂಡಲೇ ಬೆಚ್ಚನೆ ಒಣ ಬಟ್ಟೆ ಮುಚ್ಚಿಕೊಂಡರೆ ಹಿತ. ಗಾಯದಲ್ಲಿ ಕೀವು, ಹಳದಿ ಹೊಪ್ಪಳೆ ಕಂಡರೆ ಡಾಕ್ಟರೇ ನೋಡಬೇಕು. ಒಂದೇ ತೊಟ್ಟಿನ ಮೇಲೆ ಇಸುಬಿನಂಥ ಹುಣ್ಣು ವಾರಗಟ್ಟಲೆ ಮಾಯದೆ ಉಳಿದರೆ, ಹಾಲು ಬಿಡಿಸಿದ ಮೇಲೂ ಉಳಿದರೆ, ಉದಾಸೀನ ಬೇಡ.

ಜ್ವರ, ಮೈನಡುಕ, ಎದೆಯಲ್ಲಿ ಕೆಂಪಗೆ ಬಿಸಿಯಾದ ಗಡ್ಡೆ, ಇದು ಮೊಲೆಬಾವು. ನನಗಾದದ್ದು ಇದೇ. ಒಡೆದ ತೊಟ್ಟಿನ ಬಿರುಕಿನಿಂದ ರೋಗಾಣು ಒಳಗೆ ಹೋಗಲು ದಾರಿಯಾಗುತ್ತದೆ. ಒಂದು ದಿನದಲ್ಲಿ ಇಳಿಯದಿದ್ದರೆ, ಅಥವಾ ಜ್ವರ ಜೋರಾಗಿದ್ದರೆ ಕಾಯದೆ, ಡಾಕ್ಟರ ಹತ್ತಿರ ಹೋಗಿ. ಹಾಲು ಕೊಡುವಾಗಲೂ ತೆಗೆದುಕೊಳ್ಳಬಹುದಾದ ಆ್ಯಂಟಿಬಯಾಟಿಕ್, ನೋವಿನ ಮಾತ್ರೆಗಳಿವೆ. "ನಾನು ಹಾಲು ಕೊಡುತ್ತಿದ್ದೇನೆ" ಎಂದು ನೀವೇ ಬಾಯಿಬಿಟ್ಟು ಹೇಳಿ. ಆ ಕಡೆಯ ಹಾಲು ಕೆಟ್ಟುಹೋಗಿದೆ ಎಂದು ನಿಲ್ಲಿಸಬೇಡಿ, ನಿಲ್ಲಿಸಿದರೆ ಕಟ್ಟಿಕೊಂಡು ಕುರುವಾಗುತ್ತದೆ. ಇನ್ನೊಂದು: ಆಗ ನನ್ನ ದೊಡ್ಡಮ್ಮ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟು, ಗಡ್ಡೆ ಕರಗಲೆಂದು ಬಲವಾಗಿ ನೀವಿದ್ದರು. ಪ್ರೀತಿಯಿಂದಲೇ. ಈಗಿನ ವೈದ್ಯರು ಅದು ಬೇಡವೆನ್ನುತ್ತಾರೆ, ಒಳಗಿನ ಬಾವು ಇನ್ನೂ ಹೆಚ್ಚುತ್ತದೆಯಂತೆ. ತಣ್ಣನೆಯ ಬಟ್ಟೆ ಇಡುವುದು, ಮೆಲ್ಲಗೆ ಕೈಯಾಡಿಸುವುದು, ಅಷ್ಟೇ.

ಡಬ್ಬಿ ಹಾಲಿನ ಪ್ರಶ್ನೆಗೆ ಬರೋಣ. ಆ ಸೋದರಿ "ಪಾಪ ಬರುತ್ತದೆಯೇ" ಎಂದೂ ಕೇಳಿದ್ದಾರೆ. ಪಾಪ ಪುಣ್ಯದ ಲೆಕ್ಕ ನನ್ನ ಹತ್ತಿರ ಇಲ್ಲ. ಡಾಕ್ಟರು ಬೇಕೆಂದು ಹೇಳಿದ ಮಗುವಿಗೆ ಕೊಡಲೇಬೇಕು, ಅಂಥ ತಾಯಂದಿರನ್ನು ಆಡಿಕೊಳ್ಳುವವರನ್ನು ಕಂಡರೆ ನನಗಾಗದು. ಆದರೆ ನಿಮ್ಮ ಸೆರಗು ನೆನೆಯುವಷ್ಟು ಹಾಲಿರುವಾಗ, ಬಿರುಕಿನ ಸಲುವಾಗಿ ಡಬ್ಬಿ ತೆರೆದರೆ ಮಗು ಎದೆ ಹೀರುವುದು ಕಡಿಮೆಯಾಗುತ್ತದೆ, ಹೀರದಿದ್ದರೆ ಹಾಲು ಕಟ್ಟುತ್ತದೆ, ಆಮೇಲೆ ಬತ್ತುತ್ತದೆ. ಗಾಯ ಮಾಯಲು ವಾರ ಹತ್ತು ದಿನ ಬೇಕಾದೀತು, ಬತ್ತಿದ ಹಾಲನ್ನು ಮತ್ತೆ ತರಿಸುವುದಕ್ಕೆ ಪಡಬೇಕಾದ ಪಾಡು ಅದಕ್ಕಿಂತ ದೊಡ್ಡದು. ಗಂಡಸರು ಪಾಪ, ಹೆಂಡತಿ ಅಳುವುದನ್ನು ನೋಡಲಾರದೆ ಅಂಗಡಿಗೆ ಓಡುತ್ತಾರೆ. ಅವರಿಗೂ ಕೆಲಸ ಕೊಡಿ. ಮಗು ಎದೆ ಹಿಡಿದಿರುವುದನ್ನು ಪಕ್ಕದಿಂದ ನೋಡಿ "ಕೆಳದುಟಿ ಒಳಗೆ ಹೋಗಿದೆ" ಎಂದು ಹೇಳಲು ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು, ತಾಯಿಗೆ ಮೇಲಿಂದ ಅದು ಕಾಣುವುದಿಲ್ಲ.

ಆ ಸಂಜೆ ಹುಡುಗಿಯ ತಾಯಿಯೂ ಫೋನು ತೆಗೆದುಕೊಂಡರು. "ನಾನು ನಾಲ್ಕು ಮಕ್ಕಳಿಗೆ ಕೊಟ್ಟಿದೀನಮ್ಮ, ಒಂದು ದಿನಾನೂ ಹಿಂಗಾಗ್ಲಿಲ್ಲ. ಈಗಿನ ಹುಡುಗೀರಿಗೆ ತಡೆಯೋ ಶಕ್ತಿ ಇಲ್ಲ" ಅಂದರು. ನಾನು ಜಗಳಕ್ಕೆ ಹೋಗಲಿಲ್ಲ. "ನಿಮಗೆ ಮಗು ಹಿಡಿಯೋದನ್ನ ಯಾರು ಹೇಳಿಕೊಟ್ರು ತಾಯೀ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಇಲ್ಲ... ಮನೇಲಿ ನಮ್ಮತ್ತಿಗೇರು ಕೊಡ್ತಿದ್ರಲ್ಲ, ನೋಡ್ತಾ ಇದ್ವಿ" ಅಂದರು. ಅದೇ ವಿಷಯ. ಅವರು ಹತ್ತು ಹದಿನೈದು ವರ್ಷ ಕಣ್ಣಾರೆ ನೋಡಿದ್ದನ್ನು ಈ ಹುಡುಗಿ ಒಂದು ಸಲವೂ ನೋಡಿಲ್ಲ. ಹಾಸ್ಟೆಲು, ಕಾಲೇಜು, ಕೆಲಸ, ಮದುವೆ. ಆಸ್ಪತ್ರೆಯಿಂದ ಎರಡು ದಿನಕ್ಕೆ ಮನೆಗೆ. "ಹಾಗಾದ್ರೆ ಇವತ್ತು ರಾತ್ರಿ ನೀವೇ ಪಕ್ಕದಲ್ಲಿ ಕೂತು ಹಿಡಿಸಿಕೊಡಿ" ಅಂದೆ. "ಅಯ್ಯೋ, ಅವಳು ಬಾಗಿಲು ಹಾಕ್ಕೊಂಡು ಕೂತ್ಕೋತಾಳಲ್ಲ, ನಾಚ್ಕೋತಾಳೇನೋ ಅಂತ ನಾನೇ ಹೋಗ್ಲಿಲ್ಲ" ಅಂದರು!

ಮನೆಯಲ್ಲಿ ತೋರಿಸಿಕೊಡುವವರು ಇಲ್ಲದವರು ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ತೂಕ ನೋಡಿ ಹೋಗಲು ಬಿಡಬೇಡಿ, "ಮಗು ಹಿಡಿಯೋದನ್ನ ನೋಡಿ ಹೋಗಿ" ಎಂದು ಕೂರಿಸಿಕೊಳ್ಳಿ. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಹಾಲೂಡಿಸುವ ಬಗ್ಗೆ ಸಲಹೆ ಕೊಡಲೆಂದೇ ಕಲಿತ ದಾದಿಯರೂ ಸಿಗುತ್ತಾರೆ. ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದ್ದರೆ ಅದಕ್ಕೆ ಹಾಲು ಸಾಲುತ್ತಿದೆ. ಅಷ್ಟಾಗದಿದ್ದರೆ ಡಾಕ್ಟರ ಬಳಿ ಹೋಗುವುದನ್ನು ತಡಮಾಡಬೇಡಿ.

ಮತ್ತೆ, ಬಾಣಂತಿಗೆ ನೀರು ಕೊಡಬಾರದು ಎನ್ನುವ ಮನೆಗಳು ಇನ್ನೂ ಇವೆಯಂತೆ. ಹಾಲು ಕೊಡುವಾಗ ಬಾಯಾರುವುದು ಸಹಜ. ಬಿಸಿನೀರು, ಜೀರಿಗೆ ಕಷಾಯ, ಸಾರಿನ ತಿಳಿ, ಯಾವುದಾದರೂ ಸರಿ, ಬಾಯಾರಿದಷ್ಟೂ ಕುಡಿಯಿರಿ. ಕುಡಿಸಲು ಕೂರುವ ಮುಂಚೆ ಕೈಗೆಟಕುವ ಹಾಗೆ ಒಂದು ಚೊಂಬು ಇಟ್ಟುಕೊಳ್ಳಿ, ಮಗು ಹಿಡಿದ ಮೇಲೆ ಏಳುವುದಕ್ಕಾಗುವುದಿಲ್ಲವಲ್ಲ.

ತಿಪಟೂರಿನ ಹುಡುಗಿ ಆರು ದಿನದ ಮೇಲೆ ತಾನೇ ಫೋನು ಮಾಡಿದಳು. ಎಡಗಡೆ ಮಾಯುತ್ತಾ ಬಂದಿದೆ, ಬಲಗಡೆ ಇನ್ನೂ ಸ್ವಲ್ಪ ಚುರುಚುರು ಅನ್ನುತ್ತದೆ, ಎರಡು ದಿನ ಆ ಕಡೆ ಹಿಂಡಿ ಒಳಲೆಯಲ್ಲಿ ಕೊಟ್ಟೆ, ಈಗ ಬಿಂದಿಗೆ ಹಿಡಿಯುವ ಹಾಗೆ ಹಿಡಿದು ಕುಡಿಸುತ್ತಿದ್ದೇನೆ ಅಂದಳು. ಕೋಣೆಯ ಬಾಗಿಲು ಈಗ ಹಾಕುವುದಿಲ್ಲವಂತೆ. ರಾತ್ರಿ ಅಮ್ಮ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗುತ್ತಾರೆ, ಮಗು ಮಿಸುಕಿದರೆ ಮೊದಲು ಏಳುವವರು ಅವರೇ. "ಇನ್ನೂ ಬಾಯಿ ದೊಡ್ಡದು ಮಾಡ್ಲಿ ತಾಳೇ, ತಾಳೇ ಅಂತ ನನ್ನ ಕೈ ಹಿಡ್ಕೋತಾರೆ ಮೇಡಂ" ಎಂದು ನಕ್ಕಳು. ಹಿಂದೆ ಮಗು ಅಳತೊಡಗಿತು. ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟಳು.